ಮುನಿತಾಯಮ್ಮನ ಮಗಳ ದನಿ

ಟಾರ್ಚ್ ಆರಿಸು ಮೊದ್ಲು. ಕರೆಂಟ್ ಬರೋವರೆಗೂ ಕತೆ ಬೇಕು ಅಂದೋರು ನೀವೇ ತಾನೇ? ಹಾಗಾದ್ರೆ ಬಾಯ್ಮುಚ್ಕೊಂಡು ಕೇಳಿ. ಮಧ್ಯದಲ್ಲಿ ಕಿಸಿಕಿಸಿ ಅಂದೋರು ಎದ್ದು ಕೆಳಗೆ ಹೋಗ್ಬೇಕು, ಹೇಳ್ಬಿಟ್ಟಿದೀನಿ. ಇದು ಎಲ್ಲೋ ಕೇಳಿದ್ದಲ್ಲ. ವಿಜಯನಗರದಲ್ಲಿ ನಮ್ಮ ಜೆರಾಕ್ಸ್ ಅಂಗಡಿ ಪಕ್ಕದ ಮಳಿಗೇಲಿ ಕಂಪ್ಯೂಟರ್ ರಿಪೇರಿ ಮಾಡ್ತಿದ್ನಲ್ಲ ರುದ್ರೇಶ, ಮುಧೋಳದ ಕಡೆ ಹುಡುಗ, ಅವನಿಗೆ ಆಗಿದ್ದು.

ಅವತ್ತು ಅಂಗಡಿ ಬಾಗಿಲು ಎಳೆಯೋ ಹೊತ್ತಿಗೆ ತುಂಬಾ ತಡವಾಗಿತ್ತು. ಮಲ್ಲತ್ತಹಳ್ಳಿ ಕೆರೆ ಆಚೆ ಅವನ ರೂಮು. ಬಸ್ಸಿಳಿದು ಕೆರೆ ಪಕ್ಕದ ರಸ್ತೇಲಿ ನಡ್ಕೊಂಡು ಹೋಗ್ತಾ ಇದಾನೆ. ಬೀದಿದೀಪ ಇಲ್ಲ. ಮುಂದೆ ದೊಡ್ಡ ಆಲದ ಮರ. ಅದರ ಕೆಳಗೆ ಕಾಲಿಟ್ಟ...

ಗಿರ್ರ್ರ್... ಟಕ್.

ನಿಂತ. ಸದ್ದೂ ನಿಲ್ತು. ಮತ್ತೆ ನಡೆದ.

ಗಿರ್ರ್ರ್... ಟಕ್. ಟಕ್.

ತಿರುಗಿ ನೋಡಿದ್ರೆ ಒಂದು ನಾಯೀನೂ ಇಲ್ಲ. ಸದ್ದು ರಸ್ತೆಯಿಂದ ಬರ್ತಾ ಇರಲಿಲ್ಲ. ಅವನ ಬೆನ್ನ ಮೇಲಿನ ಬ್ಯಾಗಿನೊಳಗಿಂದ ಬರ್ತಾ ಇತ್ತು. ಬ್ಯಾಗಲ್ಲಿ ಇದ್ದಿದ್ದು ಖಾಲಿ ಟಿಫಿನ್ ಬಾಕ್ಸು, ಒಂದು ಹಾರ್ಡ್ ಡಿಸ್ಕು. ಕೈ ಹಾಕಿ ಡಿಸ್ಕ್ ಮುಟ್ಟಿದ. ಬೆಚ್ಚಗಿತ್ತು. ಒಳಗಡೆ ತಟ್ಟೆ ತಿರುಗ್ತಾ ಇರೋದು ಅಂಗೈಗೆ ಗೊತ್ತಾಗ್ತಾ ಇದೆ... ಅದಕ್ಕೆ ವೈರಿಲ್ಲ, ಕರೆಂಟಿಲ್ಲ, ಏನಂದ್ರೆ ಏನೂ ಇಲ್ಲ. ರೂಮಿನವರೆಗೂ ಓಡಿದ.

ಆ ಡಿಸ್ಕ್ ಅವನದಲ್ಲ. ಅದು ಬಿನ್ನಿಪೇಟೆ ಮುನಿತಾಯಮ್ಮಂದು. ಅಲ್ಲ, ಅವರ ಮಗಳು ಶಶಿಕಲಾದು. ಆ ಹುಡುಗಿ ಜಾಂಡೀಸ್ ಆಗಿ ತೀರ್ಕೊಂಡಿದ್ಲು. ಕಣ್ಣು ಕಾಣದ ಮಕ್ಕಳಿಗೋಸ್ಕರ ಸ್ಕೂಲ್ ಪಾಠಗಳನ್ನೆಲ್ಲ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸ್ತಿದ್ಲಂತೆ. ಎಲ್ಲಾ ಅವಳ ಕಂಪ್ಯೂಟರಲ್ಲೇ ಇತ್ತು. ಅದು ಕೆಟ್ಟು ಕೂತಿತ್ತು. ಮುನಿತಾಯಮ್ಮ ಅದನ್ನ ಆಟೋದಲ್ಲಿ ತೊಡೆ ಮೇಲಿಟ್ಕೊಂಡು ತಂದ್ರು.

"ಫೋಟೋ ಬೇಡಪ್ಪ, ಫೋಟೋ ಗೋಡೆ ಮೇಲಿದೆ" ಅಂದ್ರು. "ಅವಳ ದನಿ ಮರ್ತೋಗ್ತಾ ಇದೆ ಕಣಪ್ಪ ನನಗೆ. ಅದೊಂದು ತೆಗೆದುಕೊಡು."

ನಾನಲ್ಲೇ ನಿಂತಿದ್ದೆ.

ನೋಡಿದ್ರೆ ಕೆಟ್ಟಿದ್ದು ಪವರ್ ಸಪ್ಲೈ ಮಾತ್ರ. ಡಿಸ್ಕ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ರುದ್ರೇಶ ತನ್ನ ಮೆಷೀನಿಗೆ ಹಾಕ್ಕೊಂಡು ಕೇಳೂ ಕೇಳಿದ. ಸ್ಪಷ್ಟವಾಗಿ, ನಿಧಾನವಾಗಿ, ಎಳೆ ಮಗೂಗೂ ಅರ್ಥ ಆಗೋ ಹಾಗೆ ಓದಿದಾಳೆ. ಕೇಳಿ, ಏನು ಮಾಡಿದ ಗೊತ್ತಾ?

ಬಸವೇಶ್ವರನಗರದಲ್ಲಿ ಶ್ಯಾಮಸುಂದರ ಅಂತ ಟ್ಯೂಷನ್ ಸೆಂಟರಿನವರು, ಕ್ಲಾಸ್ ವಿಡಿಯೋ ಇಡೋಕೆ ಲಿನಕ್ಸ್ ಅನ್ನೋ ಸಾಫ್ಟ್‌ವೇರಿಂದ ನಡೆಯೋ ಒಂದು ಸರ್ವರ್ ಕಂಪ್ಯೂಟರ್ ಬೇಕು ಅಂದಿದ್ರು. ದೊಡ್ಡ ಜಾಗ ಬೇಕು. ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲೀತಾರಲ್ಲ, ಹಾಗೆ ಚಿಕ್ಕ ಚಿಕ್ಕ ಡಿಸ್ಕ್ ಸೇರಿಸಿ ಒಂದೇ ದೊಡ್ಡದು ಅನ್ನೋ ಹಾಗೆ ಮಾಡೋಕೆ ಬರುತ್ತೆ. ಎಲ್‌ವಿಎಂ ಅಂತಾರೆ. ಇವನ ಹತ್ರ ಒಂದು ಡಿಸ್ಕ್ ಕಮ್ಮಿ ಬಿತ್ತು. ಗಿರಾಕಿ ಮೆಷೀನಿಂದ ಒಳ್ಳೇದನ್ನ ಬಿಚ್ಕೊಂಡು, ಸತ್ತೋಯ್ತು ಅಂತ ಹೇಳೋದು ಅವನಿಗೆ ಹೊಸದೇನೂ ಅಲ್ಲ.

"ಅಮ್ಮಾರ, ಡಿಸ್ಕ್ ಸತ್ತೈತ್ರಿ. ಏನೂ ಸಿಗಂಗಿಲ್ಲ" ಅಂದ.

ಮುನಿತಾಯಮ್ಮ ಅಳಲಿಲ್ಲ. "ಹಾಗಾದ್ರೆ ಆ ಸತ್ತಿರೋದನ್ನೇ ಕೊಡಪ್ಪ, ದೇವರ ಮುಂದೆ ಇಟ್ಕೋತೀನಿ" ಅಂದ್ರು.

ಗುಜರಿ ಡಬ್ಬದಿಂದ ಯಾರದೋ ಡಿಸ್ಕ್ ತೆಗೆದು, ಅಂಗಿಗೆ ಧೂಳು ಒರೆಸಿ ಕೊಟ್ಟ ಕಣ್ರೋ. ಆ ತಾಯಿ ಅದನ್ನ ಕಣ್ಣಿಗೊತ್ಕೊಂಡು ಸೆರಗಲ್ಲಿ ಕಟ್ಕೊಂಡು ಹೋದ್ರು. ಡಿಸ್ಕ್ ಬದಲಾಯಿಸಿದ್ದನ್ನ ಅವನು ಆಮೇಲೆ ಬಾಯಿಬಿಟ್ಟಿದ್ದು. ಅವತ್ತೇ ಗೊತ್ತಾಗಿದ್ರೆ ಚಪ್ಪಲಿ ಕೈಗೆ ತಗೋತಿದ್ದೆ.

ಸರ್ವರ್ ರೆಡಿ ಮಾಡಿದ. ಲಿನಕ್ಸ್ ಹಾಕಿದ. ಆನ್ ಮಾಡಿದ... ಏಳಲಿಲ್ಲ. ಕಪ್ಪು ಪರದೆ. ಡಿಸ್ಕ್ ಗುಂಪು ಸಿಗ್ತಾ ಇಲ್ಲ ಅಂತ ಒಂದು ಸಾಲು, ಕೆಳಗೆ ಮಿನುಗೋ ಗೆರೆ.

ಅದಕ್ಕೇನು, ಇಂಥದ್ದು ಆಗ್ತಿರುತ್ತೆ. ಬೀರು ಕೀಲಿಕೈನ ಬೀರು ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಸಿಸ್ಟಮ್ ಏಳೋಕೆ ಬೇಕಾದ ಫೈಲು ಆ ಕೌದಿ ಒಳಗೇ ಸಿಕ್ಕಾಕ್ಕೊಂಡ್ರೆ ಅದು ಏಳಲ್ಲ. ಬೂಟ್ ಮಾಡೋ ಭಾಗಾನ ಹೊರಗೆ ಬೇರೆ ಇಟ್ಟು ಮತ್ತೆ ಹಾಕಿದ. ಏಳಲಿಲ್ಲ. ಏಳೋವಾಗ ಡಿಸ್ಕ್ ಹುಡುಕೋ ಪುಟ್ಟ ಸಿಸ್ಟಮ್ ಇರುತ್ತಲ್ಲ, ಅದನ್ನ ಹೊಸದಾಗಿ ಕಟ್ಟಿದ. ಏಳಲಿಲ್ಲ. ಕೇಬಲ್ ಬದಲಾಯಿಸಿದ, ಸಾಕೆಟ್ ಬದಲಾಯಿಸಿದ. ಪೆನ್‌ಡ್ರೈವಿಂದ ಎಬ್ಬಿಸಿದ್ರೆ ಎಲ್ಲಾ ಡಿಸ್ಕೂ ಸಾಲಾಗಿ ಕಾಣ್ಸುತ್ತೆ. ತಾನಾಗಿ ಎದ್ದೇಳು ಅಂದ್ರೆ ಒಂದು ಮಾತ್ರ ಮಾಯ. ಪ್ರತಿ ಸಲಾನೂ ಅದೇ. ಶಶಿಕಲಾದು.

ಸೋಮವಾರ ಕ್ಲಾಸ್ ಶುರು, ಶ್ಯಾಮಸುಂದರ ಫೋನ್ ಮೇಲೆ ಫೋನ್. ಇವನಿಗೆ ತಲೆಕೆಟ್ಟು, ಆ ಡಿಸ್ಕ್ ಬಿಚ್ಕೊಂಡು ರೂಮಲ್ಲಿ ನೋಡೋಣ ಅಂತ ಬ್ಯಾಗಿಗೆ ಹಾಕ್ಕೊಂಡ. ಆಲದ ಮರದ ಕೆಳಗೆ ನಡೆದಿದ್ದು ಆವಾಗ್ಲೇ.

ಮಾರನೇ ದಿನ ಸಂಜೆ ನನ್ನ ಅಂಗಡಿಗೆ ಬಂದ. ಮುಖದಲ್ಲಿ ರಕ್ತ ಇಲ್ಲ. ಎಲ್ಲಾ ಹೇಳ್ದ.

"ಈಗಲೂ ಅವಳ ದನಿ ಅದರಲ್ಲಿದೆಯೇನೋ?" ಅಂತ ಕೇಳ್ದೆ.

"ಐತ್ರಿ ಅಕ್ಕಾರ. ಮ್ಯಾಲಿನ ಫೈಲ್ ಪಟ್ಟಿ ಅಷ್ಟೇ ಅಳಿಸೈತಿ, ಒಳಗಿಂದು ಹಂಗೇ ಐತಿ. ತಗದ್ರ ಬರ್ತೈತಿ."

"ಹಾಗಾದ್ರೆ ಈಗಲೇ ತೆಗೆದು ಕೊಟ್ಬಿಡೋ ಪುಣ್ಯಾತ್ಮ. ಆ ತಾಯಿ ಕಾಲಿಗೆ ಬಿದ್ದು ಕೊಟ್ಬಿಡು."

"ಕೊಟ್ರ ನಾ ಸುಳ್ಳು ಹೇಳಿದ್ದು ಊರಿಗೆಲ್ಲ ಗೊತ್ತಾಗಂಗಿಲ್ಲೇನ್ರಿ? ಇದಕ್ಕೆಲ್ಲ ಒಳಗಿನ ಹಳೇ ಕಸಾನ ಕಾರಣ. ಪೂರಾ ಸೊನ್ನಿ ಬರದು ಅಳಿಸ್ತೀನಿ. ಆಮ್ಯಾಲ ನೋಡ್ರಿ."

ಕಸ ಅಂದ. ಕೇಳಿಸ್ಕೊಂಡ್ರಾ? ಕಸ.

ಹಿಂದೇನೇ ಹೋದೆ. ಡಿಸ್ಕ್‌ನ ಆ ಸರ್ವರಿಗೆ ಸಿಕ್ಕಿಸಿ, ಅಳಿಸು ಅಂತ ಒತ್ತಿದ. ಫ್ಯಾನ್ ಸದ್ದು ಹುಂಯ್... ಅಂತ. ಮೆಷೀನಿಗೆ ಸ್ಪೀಕರ್ ಇಲ್ಲ, ಇಯರ್‌ಫೋನ್ ಇಲ್ಲ. ನಾನೇ ಕಣ್ಣಾರೆ ನೋಡಿದೀನಿ. ಆ ತಗಡಿನ ಡಬ್ಬದೊಳಗಿಂದ... ಮೆಲ್ಲಗೆ...

"ಅಮ್ಮ ಬಂದ್ರಾ?"

ಬಾಗಿಲ ಕಡೆ ತಿರುಗಿ ನೋಡಿದೆ. ಯಾರೂ ಇಲ್ಲ.

"ರುದ್ರೇಶ, ನಿಲ್ಸೋ..." ಪಿಸುಗುಟ್ಟಿದೆ.

"ಸುಮ್ನಿರ್ರಿ."

"ಅಮ್ಮ ಬಂದ್ರಾ?"

ಪ್ಲಗ್ ಕೀಳೋಕೆ ಹೋದೆ. ಕೈ ಹಿಡಿದು ಆಚೆಗೆ ತಳ್ಳಿದ. ಆ ಹುಡುಗಿ ಕೇಳ್ತಾನೇ ಇದ್ಲು. ಬರ್ತಾ ಬರ್ತಾ ದನಿ ಸಣ್ಣ ಆಯ್ತು. ಕೊನೆಗೆ "ಅಮ್..." ಅಂದ್ಲು. ಟಕ್. ಮುಗೀತು. ಬಿನ್ನಿಪೇಟೆಯಲ್ಲಿ ಅದೇ ಹೊತ್ತಿಗೆ ಮುನಿತಾಯಮ್ಮ ಆ ಗುಜರಿ ಡಿಸ್ಕಿಗೆ ದೀಪ ಹಚ್ಚಿ ಕೈಮುಗೀತಿದ್ರೇನೋ. ನನಗೆ ಅಳು ತಡಿಯೋಕಾಗ್ಲಿಲ್ಲ, ಅತ್ತೆ.

ಆ ಕಟುಕ ಮತ್ತೆ ಲಿನಕ್ಸ್ ಹಾಕಿದ. ಒಂದೇ ಏಟಿಗೆ ಎದ್ದು ಕೂತ್ಕೊಳ್ತು. "ನೋಡಿದ್ರ್ಯಾ?" ಅಂತ ನನ್ನ ಕಡೆ ನೋಡಿ ನಕ್ಕ.

ಮುಧೋಳದಲ್ಲಿ ರುದ್ರೇಶನ ತಾಯಿ ದುರ್ಗವ್ವ ಇದ್ರು, ದೊಡ್ಡ ಮಗ ತಮ್ಮಣ್ಣನ ಜೊತೆ. ಕಣ್ಣಿಗೆ ಪೊರೆ ಬಂದು ಏನೂ ಕಾಣ್ತಿರಲಿಲ್ಲ. ದಿನಾ ರಾತ್ರಿ ಇವನು ಫೋನ್ ಮಾಡ್ಬೇಕು, ಆ ಮುದುಕಿ ಇವನ ಮಾತು ಕೇಳಿಯೇ ಮಲಗ್ಬೇಕು. ಪಾಪಿ ಆದ್ರೂ ಅದೊಂದನ್ನ ತಪ್ಪಿಸ್ತಿರಲಿಲ್ಲ. ಅವತ್ತೂ ಮಾಡಿದ.

"ಯವ್ವಾ, ಉಂಡಿ?"

"ಹಲೋ... ರುದ್ರಾ? ಹಲೋ... ಯಾಕ ಮಾತಾಡವಲ್ಲಿ?"

ಅವರ ಮಾತು ಇವನಿಗೆ ಕೇಳ್ಸುತ್ತೆ. ಇವನದು ಅವರಿಗೆ ಕೇಳ್ಸಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದ. ಸಿಮ್ ಬದಲಾಯಿಸಿದ. ಹೊಸ ಫೋನೇ ತಗೊಂಡ. ನನ್ನ ಫೋನಲ್ಲಿ ನಾನು ಮಾತಾಡಿದ್ರೆ ದುರ್ಗವ್ವನಿಗೆ ಕೇಳ್ಸುತ್ತೆ, ಅದೇ ಫೋನ್ ಇವನ ಬಾಯಿಗೆ ಹಿಡಿದ್ರೆ ಏನೂ ಇಲ್ಲ. ಎದುರಿಗೆ ನಿಂತ್ರೆ ಚೆನ್ನಾಗೇ ಮಾತಾಡ್ತಾನೆ. ತಮ್ಮಣ್ಣನ ಮದುವೆ ವಿಡಿಯೋ ಹಾಕಿ ನೋಡಿದ್ವಿ. ಎಲ್ಲರ ನಗು, ವಾಲಗ, ಎಲ್ಲಾ ಇದೆ. ಇವನು ಮೈಕ್ ಹಿಡಿದು ತುಟಿ ಆಡಿಸ್ತಾ ಇದಾನೆ, ದನಿ ಮಾತ್ರ ಇಲ್ಲ.

ಊರಿಗೆ ಹೋಗೋ, ಎದುರಿಗೆ ಹೋಗಿ ಮಾತಾಡೋ ಅಂತ ಬಡ್ಕೊಂಡೆ. ಕೇಳಿದ್ನಾ? "ಎಲ್ಲೋ ಸಣ್ಣ ಫಾಲ್ಟ್ ಐತ್ರಿ, ಹುಡುಕ್ತೀನಿ" ಅಂತ ಫೋನ್ ಬಿಚ್ಚೋದು, ಜೋಡ್ಸೋದು. ಅಲ್ಲಿ ಮುದುಕಿ, ಮಗ ನನ್ನ ಮೇಲೆ ಸಿಟ್ಟಾಗಿದಾನೆ ಅಂತ ಕೊರಗಿ ಕೊರಗಿ ಊಟ ಬಿಟ್ರು. ಹಾಸಿಗೆ ಹಿಡಿದ್ರು. ಒಂದಿನ ತಮ್ಮಣ್ಣ ಫೋನ್ ಮಾಡಿ, ಹೊರಟು ಬಾ, ಅವ್ವ ಉಳಿಯಂಗಿಲ್ಲ ಅಂದ. ಆಗ ಬಸ್ ಹತ್ತಿದ.

ದಾರಿ ಮಧ್ಯದಲ್ಲೇ ಮತ್ತೆ ಫೋನ್ ಬಂತು. ತಮ್ಮಣ್ಣ ಅವ್ವನ ಕಿವಿಗೆ ಹಿಡಿದಿದ್ದ. "ಒಂದು ಮಾತು ಆಡೋ, ಒಂದೇ ಮಾತು." ಇವನು ಬಸ್ಸಲ್ಲಿ ಎದ್ದು ನಿಂತು "ಯವ್ವಾ, ನಾ ಬರಾಕತ್ತೀನಿ, ಯವ್ವಾ..." ಅಂತ ಗಂಟಲು ಹರಿಯೋ ಹಾಗೆ ಕೂಗಿದಾನೆ. ಬಸ್ಸಲ್ಲಿದ್ದೋರೆಲ್ಲ ಬೆಚ್ಚಿ ಎದ್ದು ಬೈದ್ರಂತೆ. ಊರು ಮುಟ್ಟೋ ಹೊತ್ತಿಗೆ ಅವ್ವ ಇರಲಿಲ್ಲ. ಕೊನೆಗಾಲಕ್ಕೂ ಬಾಯಿ ಬಿಡಲಿಲ್ಲ ನೀನು ಅಂತ ತಮ್ಮಣ್ಣ ಹೆಣಕ್ಕೆ ಹೆಗಲು ಕೊಡೋಕೂ ಬಿಡಲಿಲ್ಲ.

ಆಮೇಲೆ ರುದ್ರೇಶ ಬೆಂಗಳೂರಿಗೆ ವಾಪಸ್ ಬರಲೇ ಇಲ್ಲ. ಮಳಿಗೆ ಖಾಲಿ ಮಾಡಿ ಇವನ ಸಾಮಾನು ತಗೊಂಡು ಹೋಗೋಕೆ ತಮ್ಮಣ್ಣನೇ ಬಂದಿದ್ದ. ಟೀ ತರಿಸಿಕೊಟ್ಟೆ. ಅವ್ವ ಕೊನೆಗೆ ಏನಂದ್ರು ಅಂತ ಕೇಳ್ದೆ.

"ಫೋನ್ ಕಿವಿಗಿಟ್ಟಿದ್ದೆ ನೋಡ್ರಿ... 'ಯಾವಾಕೀನೋ ಒಬ್ಬಾಕಿ ಸಾಲಿ ಪಾಠ ಓದಾಕತ್ತಾಳೋ. ನನ್ನ ಮಗಗ ಫೋನ್ ಕೊಡು ಅಂದ್ರ ಕೊಡವಲ್ಲಳು' ಅಂದ್ಲು. ಹಂಗ ಅನಕೋತನ ಹೋದ್ಲು."

ತಮ್ಮಣ್ಣನಿಗೆ ಶಶಿಕಲಾ ಯಾರು ಅಂತ ಗೊತ್ತಿಲ್ಲ. ರುದ್ರೇಶ ಹೇಳಿರಲಿಲ್ಲ. ನಾನೂ ಹೇಳಿಲ್ಲ. ನಿಜವಾಗ್ಲೂ ಅವನ ಬಾಯಿಂದಾನೇ ಕೇಳಿದ್ದು... ಟೀ ಲೋಟ ಕೈಯಲ್ಲಿ ಹಾಗೇ ಹಿಡ್ಕೊಂಡಿದ್ದ, ಕುಡೀಲಿಲ್ಲ.