ಸುತ್ತಿ ಕೊಟ್ಟ ಸೀರೆ

ಎಂತಕ್ಕೆ ನಗ್ತೀರಿ ವಿಜಯಕ್ಕ? ಸತ್ಯ ಹೇಳ್ತಿದ್ದೇನೆ ಮಾರಾಯ್ರೆ! ಸ್ಕೇಲಿಟ್ಟು ಗೆರೆ ಎಳೆದ ಹಾಗೆ ರಸ್ತೆ... ಹತ್ತಿರ ಹತ್ತಿರ ನೂರೈವತ್ತು ಕಿಲೋಮೀಟರ್, ಒಂದೇ ಒಂದು ತಿರುವಿಲ್ಲ, ಬದಿಯಲ್ಲಿ ಬರೀ ಕಾಂಗರೂ! ಆಸ್ಟ್ರೇಲಿಯಾದ ಆ ಬಯಲಿಗೆ ನಲ್ಲರ್‌ಬೋರ್ ಅಂತ ಹೆಸರು. ಹೆಸರಿನಲ್ಲೇ ಬೋರ್ ಉಂಟು, ಮತ್ತೆ ಕೇಳ್ಬೇಕಾ? ಹಾಂ, ನಗಿ, ನಗಿ. ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಕೂತಿದ್ರಿ. ಬೆಲ್ಟ್ ಹಾಕಿದ್ರಾ? ಹಾಕಿ, ಈ ಶಮಾಲ್ ರೋಡಿನಲ್ಲಿ ಹೆಜ್ಜೆಗೊಂದು ಕ್ಯಾಮರಾ. ಮೀನಿನ ತೊಟ್ಟೆ ಹಿಂದೆ ಡಿಕ್ಕಿಯಲ್ಲಿ ಉಂಟು, ಐಸ್ ಹಾಕಿ ಕಟ್ಟಿಸಿದ್ದೇನೆ, ನಿಮ್ಮ ತರಕಾರಿಗೆ ಅದರ ಗಾಳಿ ಸಹ ತಾಗುವುದಿಲ್ಲ. ನೀವು ಉಮ್ಮ್ ಸಲಾಲ್ ಮಾರ್ಕೆಟಿಗೆ ನನ್ನೊಟ್ಟಿಗೆ ಬರುವುದೇ ದೊಡ್ಡದು. ಮೂಗಿಗೆ ಸೆರಗು ಹಿಡಿದು ಬರ್ತೀರಿ, ಪಾಪ.

ಎಂತ ಕೇಳಿದ್ರಿ? ಆ ರಸ್ತೆಯ ಫೋಟೋದಲ್ಲಿ ನಾನ್ಯಾಕಿಲ್ಲ ಅಂತಾ?

ಒಳ್ಳೇ ಕತೆ! ತೆಗೆದದ್ದು ನಾನಲ್ವ? ತೆಗೆಯುವವರು ಫೋಟೋದಲ್ಲಿ ಬರುವುದು ಹೇಗೆ? ನಮ್ಮ ಯಜಮಾನರು ಮೈಕಲ್, ಅವರ ತಮ್ಮ ಒಸ್ವಾಲ್ಡ್, ಇಬ್ಬರೂ ಕಾರಿಗೆ ಒರಗಿ ಹೀರೋಗಳ ಹಾಗೆ ನಿಂತದ್ದು... ಅದು ನಾನೇ ತೆಗೆದದ್ದು. ಪರ್ತ್‌ನದ್ದರಲ್ಲೂ ಇಲ್ವಾ? ಅಯ್ಯೋ, ನನ್ನ ಕೂದಲಿನ ಅವಸ್ಥೆ ನೋಡ್ಬೇಕಿತ್ತು ನೀವು! ಧೂಳು! ‘ಮೈಕಲ್, ನನ್ನದು ತೆಗೆದ್ರೆ ನೋಡಿ’ ಅಂತ ಹೇಳಿದ್ದೆ. ಅದಕ್ಕೇ.

ಊಟವಾ? ಅಲ್ಲಿ ಊಟ ಎಲ್ಲಿಂದ! ಪೆಟ್ರೋಲ್ ಬಂಕಿನಲ್ಲಿ ಒಂದು ಪೈ ಸಿಗ್ತದೆ, ಒಳಗೆ ಮಾಂಸ, ಸುಡುಸುಡು. ಮೈಕಲ್ ಹೇಳಿದ್ರು ನಾಲಗೆ ಸುಟ್ಟಿತಂತೆ... ಅಲ್ಲ, ಅಲ್ಲ, ನನ್ನದೂ ಸುಟ್ಟಿತು. ಇಬ್ಬರದ್ದೂ. ನೀವೆಂತ ಪೊಲೀಸರ ಹಾಗೆ ಕೇಳುವುದು!

ಆದ್ರೆ ಒಂದು ಹೇಳ್ತೇನೆ, ನಮ್ಮ ಜನ ಎಲ್ಲಿಲ್ಲ! ಮೊದಲು ನಮ್ಮ ಹಾಗೆ ಈ ಗಲ್ಫು, ಗಲ್ಫಿನಿಂದ ಹಾರಿ ಆಸ್ಟ್ರೇಲಿಯಾ. ಸಿಡ್ನಿಯಲ್ಲಿ ನನ್ನ ಕಸಿನ್ ಜಾನಿಸ್. ಮೆಲ್ಬೋರ್ನಿನಲ್ಲಿ ಒಸ್ವಾಲ್ಡ್. ಪರ್ತ್‌ನಲ್ಲಿ ಕೆನೆತ್, ಮೊದಲು ಇಲ್ಲೇ ವೆಸ್ಟ್ ಬೇಯಲ್ಲಿ ಮೈಕಲ್‌ನ ಆಫೀಸಿನಲ್ಲಿದ್ದನಲ್ಲ, ಅವನೇ. ಎಲ್ಲಿ ಹೋದ್ರೂ ಮೊದಲು ಮನೆ ತೋರಿಸುವುದು. ‘ಇದು ನಮ್ಮ ಗ್ಯಾರೇಜು, ಇದು ನಮ್ಮ ಬ್ಯಾಕ್‌ಯಾರ್ಡು...’ ಆಮೇಲೆ ದನಿ ತಗ್ಗಿಸಿ, ‘ಇದು ನಮ್ಮ ಕರಿಬೇವು!’ ಜಾನಿಸ್ ಅಂತೂ ಆ ಗಿಡಕ್ಕೆ ಚಳಿಗೆ ಕಂಬಳಿ ಹೊದಿಸಿದ್ದಾಳೆ. ನನಗೆ ಕೊಟ್ಟದ್ದಕ್ಕಿಂತ ದಪ್ಪದ್ದು! ಸಿಡ್ನಿಯಿಂದ ಮೆಲ್ಬೋರ್ನ್ ಕಾರಿನಲ್ಲೇ, ಮೆಲ್ಬೋರ್ನಿನಿಂದ ಮತ್ತೆ ಕಾರಿನಲ್ಲೇ ಸೀದಾ... ಸೀದಾ ಪರ್ತ್.

ಹಾಗೆ ನೋಡ್ಬೇಡಿ. ನಡುವೆ ಅಡಿಲೇಡ್ ಉಂಟು, ಅಲ್ಲಿ ನಿಮ್ಮ ಮಗಳಿದ್ದಾಳೆ, ನನಗೂ ಗೊತ್ತುಂಟು. ನೀವೇ ಹೇಳಿದ್ದಲ್ವ, ‘ಅಮೂಲ್ಯಾಗೆ ಇದೊಂದು ಕೊಟ್ಟುಬಿಡಿ, ಅವಳ ಸುದ್ದಿ ಮಾತ್ರ ನಂಗೆ ತರ್ಬೇಡಿ’ ಅಂತ? ನಾನು ತರ್ಲಿಲ್ಲ. ಬಾಗಿಲಲ್ಲಿ ಕೊಟ್ಟೆ, ಅರ್ಧ ಗಂಟೆ ಕೂತೆ, ಹೊರಟೆ. ಖಲಾಸ್!

ಸಾರಿನ ಪುಡಿ... ಹೂಂ, ಖುಷಿ ಆಯ್ತು ಅವಳಿಗೆ. ತುಂಬಾ ಖುಷಿ. ನೋಡಿ, ಸುದ್ದಿ ಬೇಡ ಅಂತ ಹೇಳಿದವರೂ ನೀವೇ, ಕೇಳುವವರೂ ನೀವೇ! ನಿಮ್ಮ ಯಜಮಾನರು ಚನ್ನಕೇಶವ ಸರ್ ಕಣ್ಣು ತಪ್ಪಿಸಿ, ಹಳೇ ಹತ್ತಿ ಸೀರೆಯಲ್ಲಿ ಆ ಡಬ್ಬಿ ಸುತ್ತಿಕೊಂಡು ಲಿಫ್ಟಿನಲ್ಲಿ ಓಡಿ ಬಂದಿದ್ರಲ್ಲ ನಮ್ಮ ಫ್ಲ್ಯಾಟಿಗೆ... ಕಳ್ಳಸಾಗಣೆ ಮಾಡುವವರ ಹಾಗೆ. ನನಗೆ ಅಳು ಬಂದಿತ್ತು ಆ ದಿನ. ಒಂದು ಪುಡಿ ಕಳಿಸ್ಲಿಕ್ಕೆ ತಾಯಿಗೆ ಇಷ್ಟು ಹೆದರಿಕೆಯಾ!

ಯಲ್ಲಾ, ಹೋಗು ಮಾರಾಯ, ಹೋಗು! ನೋಡಿದ್ರಾ, ಹಿಂದಿನಿಂದ ಲೈಟ್ ಹೊಡೆಯುವುದು? ಲ್ಯಾಂಡ್ ಕ್ರೂಸರ್ ಇದ್ದವನಿಗೆ ರಸ್ತೆಯೇ ಅಪ್ಪನ ಆಸ್ತಿ. ನೋಡಿ, ಇಂಡಿಕೇಟರ್ ಅಂತ ವೈಪರ್ ಹಾಕಿಬಿಟ್ಟೆ. ಅಲ್ಲ, ಅವನಿಂದ ಅಲ್ಲ. ಆಸ್ಟ್ರೇಲಿಯಾದಿಂದ ಬಂದ ಮೇಲೆ ಹೀಗೇ. ಒಂದು ಕಡೆ ಕೂರ್ಲಿಕ್ಕೆ ಆಗುವುದಿಲ್ಲ, ನಿಲ್ಲಿಕ್ಕೆ ಆಗುವುದಿಲ್ಲ. ಮೈಕಲ್ ಹೇಳ್ತಾರೆ, ‘ಫ್ಲೋರಿನ್, ನಿನಗೆ ಜೆಟ್‌ಲ್ಯಾಗ್ ಇನ್ನೂ ಇಳಿದಿಲ್ಲ.’ ಜೆಟ್‌ಲ್ಯಾಗ್ ಅಲ್ಲ, ಮಣ್ಣು! ಮೊಣಕಾಲೂ ಹಿಡಿದಿದೆ. ಕಾರಿನಲ್ಲಿ ಕೂತು ಕೂತು... ನೆಲದಲ್ಲಿ ಕೂತು... ಕಾರಿನಲ್ಲೇ, ಕಾರಿನಲ್ಲೇ.

ವಿಜಯಕ್ಕ, ಒಂದು ಮಾತು ಹೇಳ್ಲಾ? ಬೈಯಬೇಡಿ. ಒಂದು ಫೋನ್ ಮಾಡಿ ಅವಳಿಗೆ. ಸುದ್ದಿ ನಾನು ಹೇಳುವುದಿಲ್ಲ, ನೀವೇ ಮಾಡಿ. ಈಗ ಅಲ್ಲಿ ಸಂಜೆ, ದೀಪ ಹಚ್ಚುವ ಹೊತ್ತು. ‘ಊಟ ಆಯ್ತಾ’ ಅಂತ ಕೇಳಿ, ಸಾಕು. ಇಲ್ವಾ? ಸರಿ. ಹೋದ ಶುಕ್ರವಾರವೂ ಹೇಳಿದೆ, ಅದರ ಹಿಂದಿನ ಶುಕ್ರವಾರವೂ ಹೇಳಿದೆ, ಗೋಡೆಗೆ ಹೇಳಿದ ಹಾಗೆ.

ಜೇಕಬ್‌ನನ್ನು ಮದುವೆ ಆದದ್ದೇ ದೊಡ್ಡ ಅಪರಾಧವಾ? ನೀವು ಆವತ್ತು ‘ನಿಮ್ಮವರೇ’ ಅಂತ ನನ್ನ ಮುಖ ನೋಡಿದ್ರಲ್ಲ, ನನಗೂ ಪಿತ್ತ ನೆತ್ತಿಗೇರಿತ್ತು! ಅವನು ಕೊಟ್ಟಾಯಂನವನು, ನಾನು ಬಜ್ಪೆಯವಳು. ಅವನ ಮಲಯಾಳ ನನಗೆ ಗೊತ್ತಿಲ್ಲ, ನನ್ನ ಕೊಂಕಣಿ ಅವನಿಗೆ ಗೊತ್ತಿಲ್ಲ, ನಾನೆಂತ ಅವನನ್ನು ಹೆತ್ತಿದ್ದೇನಾ? ಆದ್ರೆ ಹುಡುಗ ಒಳ್ಳೆಯವನು ವಿಜಯಕ್ಕ. ಪಾತ್ರೆ ತೊಳೀತಾನೆ. ಬಟ್ಟೆ ಒಗೆದು ಹೀಟರಿನ ಮುಂದೆ ಒಂದೊಂದೇ ಹರಡ್ತಾನೆ, ಸಣ್ಣ ಸಣ್ಣ... ಸಣ್ಣ ಮನೆ ಅವರದ್ದು. ಎಲ್ಲಿ ಒಣಗಿಸುವುದು ಬೇರೆ?

ಅಬ್ಬಾ, ಎಂತ ಇದು ಪರಿಮಳ? ನಿಮ್ಮ ಚೀಲದಿಂದಲಾ? ತೆಗೀರಿ ನೋಡುವ... ಇದೇ! ಇದೇ ಸೊಪ್ಪು! ಎಂತ ಇದರ ಹೆಸರು? ಸಬ್ಬಸಿಗೆ! ನನಗೆ ಬಾಯಿಗೇ ಬರ್ತಿರ್ಲಿಲ್ಲ, ‘ಸಬ್ಸಿಡಿ ಸೊಪ್ಪು’ ಅಂತ ಹೇಳ್ತಿದ್ದೆ, ಅಮೂಲ್ಯಾ ಹೊಟ್ಟೆ ಹಿಡಿದು ನಗುವುದು, ‘ಆಂಟಿ, ನಗಿಸ್ಬೇಡಿ, ಹೊಲಿಗೆ ಎಳೆಯುತ್ತೆ’ ಅಂತ. ನಾವು ಇದನ್ನು ಅಷ್ಟು ತಿನ್ನುವುದಿಲ್ಲ ನೋಡಿ. ಅವಳೇ ಹೇಳಿಕೊಟ್ಟದ್ದು. ಮೊದಲು ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗೆ ಹುರೀಬೇಕು. ಹಸಿಮೆಣಸು ಬೇಡ, ಕರಿಮೆಣಸು. ಹುಳಿ ಮುಟ್ಟಲೇ ಬಾರದು. ಬಿಸಿ ಬಿಸಿ ಅನ್ನ, ಮೆಣಸಿನ ಸಾರು, ಊಟ ಆದ ಮೇಲೆ ವೀಳ್ಯದೆಲೆ. ದಿನಾ ಅದೇ ಅಡುಗೆ ಮಾಡಿ ಮಾಡಿ ನನ್ನ ಸ್ವೆಟರೆಲ್ಲ ಬೆಳ್ಳುಳ್ಳಿ ವಾಸನೆ! ಆದ್ರೂ ಒಂದು ಚಿಟಿಕೆ ಹೆಚ್ಚುಕಡಿಮೆ ಆದ್ರೆ ಗೊತ್ತಾಗ್ತದೆ ಅವಳಿಗೆ. ‘ಅಮ್ಮ ಹೀಗೆ ಮಾಡಲ್ಲ’ ಅಂತಾಳೆ. ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಕಾಲಿಗೆ ಸಾಕ್ಸ್ ಹಾಕಿಕೊಂಡು, ರಾಣಿಯ ಹಾಗೆ ಕೂತು...

ಚಳಿ ಅಲ್ವ ಅಲ್ಲಿ. ಜುಲೈ ಅಂದ್ರೆ ಭಯಂಕರ ಚಳಿ.

ವಿಜಯಕ್ಕ?

ಎಂತ ಆಯ್ತು... ಎಸಿ ಜಾಸ್ತಿ ಮಾಡ್ಲಾ? ಸೊಪ್ಪು ಹಾಗೆ ಹಿಚುಕಬೇಡಿ, ರಸ ಸೀರೆಗೆ ತಾಗ್ತದೆ. ದಿನಾ ಅಂತ ಹೇಳಿದ್ನಾ ನಾನು? ಬಾಯಿತಪ್ಪಿ ಬಂತು. ಒಂದು ಊಟ, ಒಂದೇ ಊಟ ಅದು... ಹೊಲಿಗೆ ಅಂದ್ರೆ... ಅಪೆಂಡಿಕ್ಸ್... ಬೈಯಿರಿ ಬೇಕಾದ್ರೆ, ಹೀಗೆ ಕೂರ್ಬೇಡಿ ನನ್ನ ಪಕ್ಕದಲ್ಲಿ! ನಿಮ್ಮ ಸೊಸೆಯ ಬಾಣಂತನದಲ್ಲಿ ಇದೇ ಸೊಪ್ಪು, ಇದೇ ಮೆಣಸಿನ ಸಾರು ಮಾಡಿ ಹಾಕಿದವರು ನೀವು. ನಿಮ್ಮ ಹತ್ತಿರ ಅಪೆಂಡಿಕ್ಸ್ ಅಂತ ಹೇಳ್ತಾ ಇದ್ದೇನಲ್ಲ, ನನ್ನ ಮಂಡೆಗೆ ಎಂತ ಆಗಿದೆ!

ತಡೀರಿ. ಬಂಕಿನ ಹತ್ತಿರ ನಿಲ್ಲಿಸ್ತೇನೆ. ಗಾಡಿ ಬಿಡ್ತಾ ಇದನ್ನು ಹೇಳ್ಲಿಕ್ಕೆ ನನ್ನಿಂದಾಗುವುದಿಲ್ಲ.

ಹಾಂ. ನಾನು ಪರ್ತ್‌ಗೆ ಹೋಗ್ಲಿಲ್ಲ ವಿಜಯಕ್ಕ. ನಲ್ಲರ್‌ಬೋರೂ ಇಲ್ಲ, ಕಾಂಗರೂವೂ ಇಲ್ಲ. ಮೈಕಲ್ ಮತ್ತೆ ಒಸ್ವಾಲ್ಡ್ ಇಬ್ಬರೇ ಹೋದದ್ದು. ನಾನು ಅಡಿಲೇಡಿನಲ್ಲೇ ಉಳಿದೆ. ಹೇಗೆ ಬಿಟ್ಟು ಹೋಗುವುದು ಹೇಳಿ! ಬಾಗಿಲು ತೆಗೆದಳು, ಕೈಯಲ್ಲಿ ಕೂಸು, ಹುಟ್ಟಿ ವಾರವೂ ಆಗಿಲ್ಲ. ಜೇಕಬ್‌ನ ಅಮ್ಮನಿಗೆ ವೀಸಾ ಸಿಕ್ಕಿಲ್ಲ. ಇಬ್ಬರು ಮಕ್ಕಳು ಮೂರನೇ ಮಗುವನ್ನು ಹಿಡಿದುಕೊಂಡು ಕೂತ ಹಾಗಿತ್ತು. ನಾನು ಚಪ್ಪಲಿ ಬಿಟ್ಟೆ, ಒಳಗೆ ಹೋದೆ, ಅಷ್ಟೇ. ನೆಲದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ ನೀರು ಹಾಕಿದೆ. ನೀವು ಮಾಡ್ಬೇಕಾದದ್ದು. ಪ್ರತಿ ಚೊಂಬಿಗೂ ಅದೇ ನೆನಪಾಗ್ತಿತ್ತು, ಇದು ವಿಜಯಕ್ಕ ಮಾಡ್ಬೇಕಾದದ್ದು, ನಾನು ಕದ್ದ ಹಾಗಾಯ್ತಲ್ಲ ಅಂತ. ಅದಕ್ಕೇ ನಿಮ್ಮ ಮುಖ ನೋಡ್ಲಿಕ್ಕೆ ಆಗದೆ ಕಾಂಗರೂ ಕತೆ ಹೇಳ್ತಾ ಕೂತದ್ದು.

ಇನ್ನೊಂದು ಉಂಟು. ಅದೇ ದೊಡ್ಡದು.

ನಿಮ್ಮ ಸಾರಿನ ಪುಡಿ ಅವಳಿಗೆ ಸಿಗ್ಲೇ ಇಲ್ಲ. ಸಿಡ್ನಿ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಡಬ್ಬಿ ಬಿಚ್ಚಿ ಮೂಸಿ ನೋಡಿದ್ರು, ಮನೆಯಲ್ಲಿ ಮಾಡಿದ್ದು ಬೇಡ ಅಂತ ಇಟ್ಟುಕೊಂಡ್ರು. ಉಳಿದದ್ದು ಬರೀ ಸೀರೆ. ಡಬ್ಬಿ ಸುತ್ತಿದ್ದ ಸೀರೆ. ಅದನ್ನೇ ಮಡಚಿ ಕೊಟ್ಟೆ, ‘ಅಮ್ಮ ಕೊಟ್ಟದ್ದು’ ಅಂತ. ನಾನೆಂತ ಕಂಡೆ! ಅವಳು ಸೀರೆ ಬಿಡಿಸಿದಳು... ಮೂಗಿಗೆ ಹಿಡಿದಳು... ‘ಆಂಟಿ, ಅಮ್ಮಂಗೆ ಗೊತ್ತಾಯ್ತಾ? ಮಗೂಗೆ ಅಂತಾನೇ ಕಳಿಸಿದ್ರಾ?’ ಅಂತ ಕೇಳಿದಳು. ಹುಟ್ಟಿದ ಕೂಸಿಗೆ ಮೊದಲು ಅಜ್ಜಿಯ ಹಳೇ ಸೀರೆಯೇ ಅಂತೆ ಅಲ್ವ ನಿಮ್ಮಲ್ಲಿ? ನಮ್ಮಲ್ಲೂ ಹಾಗೇ. ಹೆತ್ತ ಹುಡುಗಿ ಎದುರು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ್ರೆ, ಇಲ್ಲಮ್ಮ, ಅದು ಡಬ್ಬಿಗೆ ಸುತ್ತಿದ್ದು ಅಂತ ಹೇಗೆ ಹೇಳುವುದು? ಯಾವ ಬಾಯಿಂದ ಹೇಳುವುದು?

ಹೂಂ ಅಂದೆ.

ಅಷ್ಟೇ ಅಂದದ್ದು ನಾನು. ಒಂದು ಹೂಂ. ಅವಳು ಅಲ್ಲೇ ಅದನ್ನು ಹರಿದು ಕೂಸಿಗೆ ಸುತ್ತಿದಳು. ಒಂದು ತುಂಡು ತೊಟ್ಟಿಲಿಗೆ, ಒಂದು ತುಂಡು ಅವಳ ದಿಂಬಿಗೆ. ‘ಅಮ್ಮಂಗೆ ಕೋಪ ಇಳಿದಿದೆ, ಇನ್ನು ಅಮ್ಮನೇ ಫೋನ್ ಮಾಡ್ತಾರೆ, ನೀವು ಹೇಳಿ ಮಾಡಿಸ್ಬೇಡಿ ಆಂಟಿ’ ಅಂದಳು. ನಾನು ಇಲ್ಲಿಗೆ ಬಂದು ಮುಟ್ಟಿದಾಗಿನಿಂದ ಆ ಹುಡುಗಿ ಕಾಯ್ತಾ ಇದ್ದಾಳೆ. ದಿನಾ ಮೆಸೇಜು, ‘ಅಮ್ಮ ಹುಷಾರಾಗಿದ್ದಾರಾ ಆಂಟಿ?’ ಅಷ್ಟೇ, ಬೇರೆ ಒಂದಕ್ಷರ ಇಲ್ಲ. ಇಲ್ಲಿ ನಿಮಗೆ ಗೊತ್ತೇ ಇಲ್ಲ. ನಡುವೆ ನಾನೊಬ್ಬಳು ಬಾಯಿಬಡುಕಿ, ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ...

ನೀವು ಯಾಕೆ ಗಂಡಾ ಹೆಣ್ಣಾ ಅಂತ ಸಹ ಕೇಳ್ತಿಲ್ಲ? ಇಷ್ಟಾದ್ರೂ ಕೇಳಿ ವಿಜಯಕ್ಕ.

ಎಂತ ಹುಡುಕ್ತೀರಿ? ಫೋನಾ? ಇಗೊಳ್ಳಿ, ಸೀಟಿನ ಕೆಳಗೆ ಬಿದ್ದಿದೆ. ನಂಬರ್ ನನ್ನ ಹತ್ತಿರ ಉಂಟು, ತಡೀರಿ, ನೀವು ಅಳಿಸಿ ಹಾಕಿದ್ದೀರಿ ಅಂತ ಚನ್ನಕೇಶವ ಸರ್ ಹೇಳಿದ್ರಲ್ಲ... ಓ. ಬಾಯಿಪಾಠ ಉಂಟಾ ನಿಮಗೆ?

ಜೆಜು ಮರಿ, ನನ್ನ ದೇವರೇ... ಬಾಯಿಪಾಠ ಉಂಟು.

ರಿಂಗ್ ಆಗ್ತಾ ಉಂಟಾ? ಆಗ್ತಾ ಉಂಟು, ನನಗೂ ಕೇಳ್ತದೆ. ಇಗೊಳ್ಳಿ ಟಿಶ್ಯೂ. ಕೇಳಿ, ಬೇಗ ಕೇಳಿ, ಎತ್ತುವ ಮೊದಲು. ಅವಳು ಮೊದಲು ಕೇಳುವುದು ಆ ಸೀರೆಯ ಮಾತೇ. ‘ಮಗೂಗೆ ಅಂತಾನೇ ಕಳಿಸಿದ್ದಾ ಅಮ್ಮ’ ಅಂತ ಕೇಳ್ತಾಳೆ. ನನ್ನ ಮೇಲಿನ ಸಿಟ್ಟು ಆಮೇಲೆ, ಮನೆಗೆ ಹೋಗಿ ಬೈಯಿರಿ, ಎಷ್ಟು ಬೇಕಾದ್ರೂ ಬೈಯಿರಿ. ಈಗ ಬೇರೆ ಎಂತ ಸಹ ಬೇಡ...

ಎತ್ತಿದಳು! ಹೂಂ ಅನ್ನಿ ವಿಜಯಕ್ಕ. ಒಂದು ಸಲ ಹೂಂ ಅನ್ನಿ.