ಠಾಣೆಯ ಬೀರುವಿಗೆ ಅಂಟಿದ ಸೂಜಿಗಲ್ಲು

ನನ್ನ ಹೆಸರು ಅಮ್ಮಿಣಿ, ಗಂಡ ಬೈರ, ವಯಸ್ಸು 44, ಕೂಲಿ ಕೆಲಸ, ವಾಸ ವಯನಾಡು ಜಿಲ್ಲೆ ನೂಲ್ಪುಳ ಪಂಚಾಯಿತಿಯ ಕಾಡಂಚಿನ ಹಾಡಿ. ಸೂಜಿಗಲ್ಲು ಕದ್ದೆನೆಂದು ಸಂಶೋಧಕ ಗಿರೀಶ್ ಸಾರ್ ಕೊಟ್ಟ ದೂರಿನ ವಿಚಾರವಾಗಿ ಠಾಣೆಗೆ ಬಂದು, ನನ್ನ ಮಾತನ್ನು ಕನ್ನಡದಲ್ಲೇ ಬರೆದುಕೊಳ್ಳಬೇಕೆಂದು ಕೇಳಿ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು ಮಿನಿಗೆ ಹತ್ತೊಂಬತ್ತು ವರ್ಷ. ಓಣಂ ಕಳೆದ ಮೇಲೆ ಅವಳ ಮುಖ, ಕಾಲು ಊದತೊಡಗಿದವು. ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದರು. ಸೂಜಿಯೆಂದರೆ ಮಿನಿಗೆ ಜೀವವೇ ಹೋಗುತ್ತದೆ. ಒಪ್ಪಲಿಲ್ಲ.

ಜನವರಿ 13ರಂದು ಬೆಳಿಗ್ಗೆ ಗಿರೀಶ್ ಸಾರ್ ತಂಡದೊಂದಿಗೆ ಹಾಡಿಗೆ ಬಂದರು. ಸೂಜಿ ಬೇಡ, ಮೂತ್ರ ಕೊಟ್ಟರೆ ಸಾಕು ಎಂದರು. ಅವರ ಜೊತೆಗಿದ್ದ ಧನ್ಯ ಕನ್ನಡದಲ್ಲಿ ವಿವರಿಸಿದಳು. ಕಿಡ್ನಿಯು ಕಣ್ಣಿಗೆ ಕಾಣದ ಸಣ್ಣ ಚೀಲಗಳನ್ನು ಮೂತ್ರಕ್ಕೆ ಬಿಡುತ್ತದಂತೆ, ಅವುಗಳಿಗೆ ಎಕ್ಸೋಸೋಮ್ ಎಂದು ಹೆಸರಂತೆ. ಮೈತುಂಬ ತೂತಿರುವ ಕಪ್ಪು ಪುಡಿಗೆ ಅವು ಅಂಟುತ್ತವಂತೆ, ಸೂಜಿಗಲ್ಲು ಹಿಡಿದರೆ ಪುಡಿಯೆಲ್ಲ ಒಂದು ಕಡೆಗೆ ಬರುತ್ತದಂತೆ. ಚೀಲದೊಳಗಿನ ಪ್ರೋಟೀನ್ ಹೇಗೆ ಬದಲಾಗಿದೆ ಎಂದು ನೋಡಿದರೆ ಕಾಯಿಲೆ ತಿಳಿಯುತ್ತದಂತೆ. ಸೂಜಿಗಲ್ಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಿನಿ ಹಿತ್ತಲಿಗೆ ಓಡಿದಳು. ನಾನೇ ಬೆನ್ನಟ್ಟಿ, “ಏ ಮೋಳೆ, ಮಗಳೇ, ಚುಚ್ಚೋ ಸೂಜಿ ಅಲ್ಲ ಕಣೇ, ಕಾಂತ, ಕಾಂತ!” ಎಂದು ಹೇಳಿ ಕರೆತಂದೆ. ಅವಳು ಮೂತ್ರ ಕೊಟ್ಟಳು. ಡಬ್ಬಿ ಹಿಡಿಸಿ ಫೋಟೋ ತೆಗೆದರು. ಒಂದು ತಿಂಗಳಲ್ಲಿ ಫಲಿತಾಂಶ ಹೇಳುವುದಾಗಿ ಗಿರೀಶ್ ಸಾರ್ ಮಾತು ಕೊಟ್ಟರು.

ಮೂರು ತಿಂಗಳಾದರೂ ಸುದ್ದಿಯಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮಿನಿಯ ಕಾಲಿಗೆ ಅವಳ ಚಪ್ಪಲಿ ಹಿಡಿಸುತ್ತಿಲ್ಲ, ಅಪ್ಪನದನ್ನು ಹಾಕಿಕೊಂಡು ಓಡಾಡುತ್ತಾಳೆ.

ನಿನ್ನೆ ಕಲ್ಪೆಟ್ಟದಲ್ಲಿ ಮಿನಿಯೊಂದಿಗೆ ಬಸ್ ಇಳಿದಾಗ ಒಂದು ಸಭಾಂಗಣದ ಮುಂದೆ ಆಳೆತ್ತರದ ಫ್ಲೆಕ್ಸ್ ಕಂಡೆ. ಅದರಲ್ಲಿ ಮೂತ್ರದ ಡಬ್ಬಿ ಹಿಡಿದು ನಿಂತವಳು ನನ್ನ ಮಗಳು! ವಯಸ್ಸಿಗೆ ಬಂದ ಹುಡುಗಿಯನ್ನು ಹೀಗೆ ರಸ್ತೆಗೆ ನಿಲ್ಲಿಸುವುದೇ? ಮಿನಿಯನ್ನು ಹೊರಗೇ ಬಿಟ್ಟು ನುಗ್ಗಿದೆ. ಒಳಗೆ ಗಿರೀಶ್ ಸಾರ್ ಗಾಜಿನ ಶೀಶೆಗೆ ಸೂಜಿಗಲ್ಲು ಹಿಡಿದು ಕಪ್ಪು ಪುಡಿಯ ಆಟ ತೋರಿಸುತ್ತಿದ್ದರು. ಮಿನಿಯ ಫಲಿತಾಂಶ ಕೇಳಿದೆ. ಗೌಪ್ಯತೆಗಾಗಿ ಹೆಸರು ತೆಗೆದು ನಂಬರ್ ಮಾತ್ರ ಇಟ್ಟಿದ್ದೇವೆ, ಯಾವುದು ಯಾರದೆಂದು ನಮಗೂ ಗೊತ್ತಿಲ್ಲ ಎಂದರು.

“ಉಚ್ಚೆ ಯಾರ್ದು ಅಂತ ಗೊತ್ತಿಲ್ಲ, ಮೊಕ ಯಾರ್ದು ಅಂತ ಮಾತ್ರ ಚೆನ್ನಾಗಿ ಗೊತ್ತಾ ಸಾರೆ?” ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಗಣ್ಯರು ಬರುವ ಹೊತ್ತು, ಚೇಚಿ, ಅಂದರೆ ಅಕ್ಕ, ಶಾಂತವಾಗಿರಬೇಕು ಎಂದರು. ನಾನು ಶಾಂತವಾಗಲಿಲ್ಲ. ಸೂಜಿಗಲ್ಲು ಎತ್ತಿಕೊಂಡು ಸೆರಗಿಗೆ ಕಟ್ಟಿ ಹೊರಟೆ. ಅಷ್ಟು ಜನರ ಕಣ್ಣೆದುರು ತೆಗೆದುಕೊಂಡದ್ದು ಕಳ್ಳತನ ಹೇಗಾಗುತ್ತದೆ? ಹೊರಗೆ ಮಿನಿ ಫ್ಲೆಕ್ಸ್‌ಗೆ ಬೆನ್ನು ಹಾಕಿ ನಿಂತಿದ್ದಳು. “ಸೂಜಿನೇ ವಾಸಿ ಅವ್ವಾ, ನಡಿ ಆಸ್ಪತ್ರೆಗೆ” ಎಂದಳು.

ಇಂದು ಸೆರಗಿನ ಗಂಟು ಬಿಚ್ಚಿದ ಕೂಡಲೇ ಸೂಜಿಗಲ್ಲು ಠಾಣೆಯ ಕಬ್ಬಿಣದ ಬೀರುವಿಗೆ ಅಂಟಿಕೊಂಡಿತು. ಕಾನ್‌ಸ್ಟೆಬಲ್ ಭಾಸ್ಕರನ್ ಎಳೆದರೂ ಬರಲಿಲ್ಲ. ಅಲ್ಲೇ ಇರಲಿ. ಗಿರೀಶ್ ಸಾರ್ ಫ್ಲೆಕ್ಸ್ ಇಳಿಸಿ, ನನ್ನ ಮಗಳ ಕಿಡ್ನಿ ಹೇಗಿದೆಯೆಂದು ಅವಳ ಮುಖ ನೋಡಿ ಹೇಳಿ, ಆಮೇಲೆ ಬಿಡಿಸಿಕೊಂಡು ಹೋಗಲಿ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಬೈದದ್ದನ್ನು ಮಾತ್ರ ಬಿಟ್ಟಿದ್ದಾರೆ, ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಕಲ್ಪೆಟ್ಟ
ದಿನಾಂಕ: 22-04-2025
ಸಹಿ: ಅಮ್ಮಿಣಿ