ಎಮ್ಯಾನುವೆಲ್ ಸರ್ ಮತ್ತು ಗಮೆಲಾನ್ ಡೋಲು

ಎಲ್ಲರಿಗೂ ನಮಸ್ಕಾರ. ಸರ್ ಅವರ ಶ್ರೀಮತಿ ವೈಲೆಟ್ ಅವರೇ, ಮನೆಯವರೇ, ಗ್ರೀನ್‌ಫರ್ಡಿನಿಂದ, ಕ್ರೋಯ್ಡನ್‌ನಿಂದ ಬಂದಿರುವ ಬಂಧುಗಳೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಕಾಲೇಜಿನ ಮಕ್ಕಳೇ — ನಾನು ವಿಶಾಲಾಕ್ಷಿ. ಎಮ್ಯಾನುವೆಲ್ ಸರ್ ಸಂಗೀತ ಕಲಿಸುತ್ತಿದ್ದ ಕಾಲೇಜಿನಲ್ಲೇ ಫಿಸಿಕ್ಸ್ ಪಾಠ ಮಾಡುತ್ತೇನೆ. ನನಗೆ ನಿಂತಲ್ಲೇ ನಿಂತು ಮಾತಾಡಿ ಅಭ್ಯಾಸವಿಲ್ಲ. ಮೈಕ್ ಬಿಟ್ಟು ಆಚೀಚೆ ಓಡಾಡಿದರೆ ಬೇಸರಪಡಬೇಡಿ.

ಹೋದ ಮಂಗಳವಾರ ಹೇಸ್ ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕುಸಿದ ಸರ್ ಮತ್ತೆ ಏಳಲಿಲ್ಲ. ಅವರ ಗುಣಗಳನ್ನು ನನಗಿಂತ ಮೊದಲು ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನನ್ನ ತಲೆಯಲ್ಲಿ ಓಡುತ್ತಿರುವುದು ಒಂದೇ — ಬರುವ ಶನಿವಾರ. ಶನಿವಾರ ಸರ್ ಕಟ್ಟಿದ ಮಕ್ಕಳ ಗಮೆಲಾನ್ ತಂಡದ ಮೊದಲ ಕಛೇರಿ. ನಿನ್ನೆ ತಂಡದ ಹುಡುಗಿ ಕೃತಿ ಸ್ಟಾಫ್ ರೂಮಿಗೆ ಬಂದು, "ಮಿಸ್, ವಿ ಆರ್ ಕ್ಯಾನ್ಸಲಿಂಗ್" ಎಂದಳು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಛೇರಿ ನಿಂತರೆ ತಂಡವೂ ನಿಂತ ಹಾಗೇ. ಅಭ್ಯಾಸದ ಕೋಣೆಯ ಮೇಲೆ ಕಾಲೇಜಿನವರ ಕಣ್ಣು ಯಾವತ್ತೋ ಬಿದ್ದಿದೆ.

ಗಮೆಲಾನ್ ಎಂದರೇನು ಎಂದು ಒಳಗೆ ಬರುವಾಗ ಕೆಲವರು ಕೇಳಿದಿರಿ. ಜಾವಾ ದ್ವೀಪದ ವಾದ್ಯಮೇಳ. ಸಾಲಾಗಿ ಜೋಡಿಸಿದ ಕಂಚಿನ ಪಟ್ಟಿಗಳು, ಬೋರಲು ಹಾಕಿದ ಪಾತ್ರೆಗಳಂಥವು, ತೂಗುಹಾಕಿದ ದೊಡ್ಡ ಜಾಗಟೆ — ನೋಡಿ, ಇಷ್ಟಗಲ. ಜೊತೆಗೆ ಒಂದು ಡೋಲು. ಕ್ರೋಯ್ಡನ್‌ನಲ್ಲಿ ಒಂದು ಕಲಾಸಂಘ ಬಾಗಿಲು ಹಾಕುವಾಗ ಬಿಟ್ಟುಕೊಟ್ಟ ಸೆಟ್ಟು ಅದು. ಮಕ್ಕಳೇ ವ್ಯಾನಿಗೆ ಹೇರಿಕೊಂಡು ತಂದರು. ಬೂಟು ಬಿಚ್ಚಿ ಒಳಗೆ ಹೋಗಬೇಕು, ವಾದ್ಯವನ್ನು ದಾಟಬಾರದು, ಸುತ್ತಿಕೊಂಡೇ ಹೋಗಬೇಕು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮನೆಯಲ್ಲಿ ಪುಸ್ತಕ ತುಳಿದು ಬೈಸಿಕೊಂಡವರೇ ಎಲ್ಲ.

ಎಡವಿದ್ದು ತಾಳದಲ್ಲಿ. ಕೃತಿ ಮೃದಂಗ ಕಲಿತವಳು. ನಮಗೆ ಆವರ್ತದ ಮೊದಲ ಪೆಟ್ಟು ದೊಡ್ಡದು. ಜಾವಾದವರಿಗೆ ಕೊನೆಯದು ದೊಡ್ಡದು. ಎಲ್ಲ ವಾದ್ಯಗಳೂ ಸುತ್ತು ಮುಗಿಸುವಾಗ ಜಾಗಟೆ. ಇವಳು ಜಾಗಟೆಗೆ ಕೂತವಳು ಶುರುವಿನಲ್ಲೇ ಢಂ ಎನ್ನಿಸಿಬಿಟ್ಟಳು. ಉಳಿದವರು ಮುಗಿಯಿತೆಂದುಕೊಂಡು ಕೋಲು ಕೆಳಗಿಟ್ಟರು. ಸರ್ ನಗುತ್ತಾ, "ಎಂತ ಅವಸರ ಮಾರಾಯ್ತಿ? ಬಡಿಸುವ ಮೊದಲೇ ಎಲೆ ಎತ್ತಿದೆಯಲ್ಲ?" ಎಂದರು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ಕೈಯಲ್ಲಿ ಕೂತ ತಾಳ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಸರ್ ಒಂದು ಪದ್ಧತಿ ಇಟ್ಟಿದ್ದರು. ಒಂದು ಹಾಡು ನುಡಿಸಿ ಮುಗಿದರೆ ಎಲ್ಲರೂ ಎದ್ದು ಪಕ್ಕದ ವಾದ್ಯಕ್ಕೆ ಸರಿಯಬೇಕು. ಇದು ನನ್ನದು, ಅದು ನಿನ್ನದು ಎನ್ನುವಂತಿಲ್ಲ. ಯಾರಿಗೆ ಜ್ವರ ಬಂದರೂ ಮೇಳ ನಡೆಯಬೇಕು. ಒಳ್ಳೆಯದೇ. ಆದರೆ ಎಮ್ಯಾನುವೆಲ್ ಸರ್ — ಹೋದವರನ್ನು ಬೈಯಬಾರದು ಅಂತಾರೆ, ನಾನು ಬೈಯುತ್ತೇನೆ — ಎಲ್ಲರನ್ನೂ ಎಬ್ಬಿಸಿದಿರಿ, ನೀವು ಮಾತ್ರ ಡೋಲು ಬಿಟ್ಟುಕೊಡಲಿಲ್ಲ ಎಂದೇ ಈ ಮಕ್ಕಳು ತಿಳಿದಿದ್ದಾರೆ. ಮೇಳವನ್ನು ಓಡಿಸುವುದು, ನಿಧಾನಿಸುವುದು, ನಿಲ್ಲಿಸುವುದು ಆ ಡೋಲು. "ಹೂ ವಿಲ್ ಲೀಡ್ ಅಸ್, ಮಿಸ್?" ಎಂದು ಕೇಳುತ್ತಾರೆ. ಉತ್ತರ ನಿಮ್ಮಲ್ಲಿತ್ತು, ಬಾಯಿಬಿಟ್ಟು ಹೇಳಲಿಲ್ಲ. ನನಗೆ ಸಿಟ್ಟು ಬಂದಿದೆ. ಈಗ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು — ಹೇಳುತ್ತೇನೆ.

ಈ ಟರ್ಮಿನಲ್ಲಿ ಸರ್ ಅಭ್ಯಾಸಕ್ಕೆ ತಡ ಮಾಡುತ್ತಾರೆಂದು ಮಕ್ಕಳು ಗೊಣಗುತ್ತಿದ್ದರು. ಅವರು ತಡವಾಗಿ ಬರುತ್ತಿರಲಿಲ್ಲ. ಕಾರಿಡಾರಿನಲ್ಲಿ ನಿಂತಿರುತ್ತಿದ್ದರು. ಕೋಟು ತೊಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು, ಬಾಗಿಲ ಪಕ್ಕದಲ್ಲಿ. ಒಳಗೆ ಕೃತಿ, ಸರ್ ಬರುವವರೆಗೆ ಎಂದು ಡೋಲಿಗೆ ಕೂತಿರುತ್ತಿದ್ದಳು. ಒಂದು ದಿನ ನಾನು ಲ್ಯಾಬಿಗೆ ಬೀಗ ಹಾಕಿ ಬರುವಾಗ, "ಒಳಗೆ ಹೋಗಿ ಸರ್, ಕಾಯ್ತಾ ಇದಾರೆ" ಎಂದೆ. ತುಟಿಯ ಮೇಲೆ ಬೆರಳಿಟ್ಟರು — ಹೀಗೆ. "ನಾನು ಹೋದ್ರೆ ಅವಳು ಎದ್ದುಬಿಡ್ತಾಳೆ ವಿಶಾಲಾಕ್ಷಿ. ಸ್ವಲ್ಪ ನಿಲ್ಲುವ."

ನಿಂತೆವು. ಒಳಗೆ ಡೋಲು ನಿಧಾನವಾಯಿತು, ಮೇಳ ನಿಧಾನವಾಯಿತು, ಕಟ್ಟಕಡೆಗೆ ಜಾಗಟೆ — ಅದರ ಜಾಗದಲ್ಲೇ ಬಿತ್ತು. ಸರ್ ಕಣ್ಣು ತುಂಬಿಕೊಂಡಿದ್ದರು. "ಕಛೇರಿ ದಿನ ಡೋಲಿಗೆ ಕೃತಿಯೇ. ನಾನು ಕೆಳಗೆ ವೈಲೆಟ್ ಪಕ್ಕ ಕೂತ್ಕೊಳ್ತೇನೆ. ಕೃತಿಗೆ ಈಗಲೇ ಹೇಳಬೇಡಿ ಆಯ್ತಾ, ಹೆದರ್ತಾಳೆ" ಎಂದರು.

ಕೃತಿ, ಕೇಳಿಸಿತಾ? ಸರ್ ಹೇಳಿದ್ದು, ನಾನಲ್ಲ. ಹೆದರಿಕೆಯಾದರೆ ಆಗಲಿ, ನನಗೂ ಆಗುತ್ತಿದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎಮ್ಯಾನುವೆಲ್ ಸರ್ ಅವರಿಗಾಗಿ ಮೌನವಾಗಿರೋಣ. ನಾನು ಗಡಿಯಾರ ನೋಡುವುದಿಲ್ಲ, ನೀವೂ ನೋಡಬೇಡಿ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಕೂರಬೇಕು — ಅದನ್ನು ಕೃತಿ ಹೇಳುತ್ತಾಳೆ. ಬಾ ಮಗಳೇ, ಮುಂದೆ ಬಾ. ನಾವೆಲ್ಲ ನಿನ್ನನ್ನೇ ನೋಡುತ್ತಿರುತ್ತೇವೆ.